ನಡುದಾರಿಯಲ್ಲಿ ದಾರಿ ಬದಲಿಸುವುದು ಸರಿಯೋ?



ಕಳೆದ ಮಳೆಗಾಲದ ಒಂದು ಸಾಯಂಕಾಲ ಶಿಕಾರಿಪುರದ ಸೀಮೆಯ ಒಬ್ಬ ರೈತನು ನನ್ನ ಮನೆಗೆ ಬಂದನು. ಕೊಡೆಯನ್ನು ಜಗಲಿಯಲ್ಲಿಟ್ಟು, ಅಂಗಿಯ ಜೇಬಿನಿಂದ ಒಂದು ಕಾಗದವನ್ನು ತೆಗೆದು, “ಉಪದೇಶಿಗಳೇ, ಇದನ್ನು ನೀವು ಒಂದು ಸಾರಿ ಓದಿ ನೋಡಿರಿ. ನಾನು ಓದಿಕೊಂಡದ್ದು ತಪ್ಪಾಗಿದ್ದರೆ ಸಾಕು” ಅಂದನು. ಅದು ಅವನ ಮಗಳ ಕಾಗದ. ಫೋನಿನಲ್ಲಿ ಹೇಳುವುದಕ್ಕೆ ಧೈರ್ಯ ಸಾಲದೆ ಅವಳು ಬರೆದು ಕಳುಹಿಸಿದ್ದಳು. ಅವಳು ಇಂಜಿನಿಯರಿಂಗ್ ಕಾಲೇಜಿನ ಮೂರನೆಯ ಸೆಮಿಸ್ಟರಿನಲ್ಲಿ ಓದುವವಳು. ಹಾಸ್ಟೆಲಿನ ಸಮೀಪ ಕಟ್ಟಡದ ಕೆಲಸಕ್ಕೆ ಬಂದ ಕೂಲಿಯವರ ಮಕ್ಕಳಿಗೆ ರಜಾದಿನಗಳಲ್ಲಿ ಅಕ್ಷರ ಹೇಳಿಕೊಡುತ್ತಾ ಇದ್ದು, ಆ ಕೆಲಸದಲ್ಲಿಯೇ ತನ್ನ ಮನಸ್ಸು ನೆಲೆಗೊಂಡಿತೆಂದೂ, ಯಂತ್ರಗಳ ವಿದ್ಯೆಯು ತನಗೆ ಹೊರೆಯಾಗಿದೆ ಎಂದೂ, ಅದನ್ನು ಬಿಟ್ಟು ಬಿ. ಎ. ಓದಿ ಕನ್ನಡದ ಉಪಾಧ್ಯಾಯಿನಿ ಆಗಬೇಕೆಂದೂ ಬರೆದಿದ್ದಳು. ಕೊನೆಗೆ, “ಅಪ್ಪಾ, ಸಿಟ್ಟಾಗಬೇಡ” ಎಂದಿತ್ತು.

ತಂದೆಗೆ ಇರುವುದು ಎರಡು ಎಕರೆ ನೆಲ. ಅದರಲ್ಲಿ ಮೆಕ್ಕೆಜೋಳ, ಸ್ವಲ್ಪ ಭತ್ತ. ಮಗಳ ಫೀಜಿಗಾಗಿ ಹೆಂಡತಿಯ ಒಡವೆಗಳನ್ನು ಅಡವಿಟ್ಟಿದ್ದಾನೆ. ಈ ಸಂಗತಿ ಮಗಳಿಗೆ ತಿಳಿಯದು. “ಅವಳು ಸುಖವಾಗಿರಲಿ ಎಂದೇ ಅಲ್ಲವೋ ನಾನು ಇಷ್ಟೆಲ್ಲಾ ಮಾಡಿದ್ದು? ಈಗ ಆ ಸುಖವೇ ಬೇಡವೆಂದರೆ ಏನು ಮಾಡಲಿ?” ಎಂದು ಕೇಳಿದನು. ಆ ರಾತ್ರಿ ನಾನು ಕೊಟ್ಟ ಉತ್ತರವು ಉತ್ತರವೇ ಆಗಿರಲಿಲ್ಲ. ಆಮೇಲೆ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತೇನೆ. ಯಾಕಂದರೆ ಇಂಥಾ ಕಾಗದ ಇಂದು ಒಂದು ಮನೆಗೆ ಬಂದದ್ದು ನಾಳೆ ಮತ್ತೊಂದು ಮನೆಗೆ ಬಂದೀತು. ಆ ಕುಟುಂಬದ ಹೆಸರನ್ನೂ ಊರನ್ನೂ ಹೇಳುವುದಿಲ್ಲ.

ಪ್ರಶ್ನೆಯೇನಂದರೆ, ಒಂದು ಉದ್ಯೋಗಕ್ಕೆಂದು ಕಾಲೇಜು ಸೇರಿದವನು ತನ್ನ ಮನಸ್ಸಿನ ತೃಪ್ತಿಗೋಸ್ಕರ ನಡುವೆ ದಾರಿಯನ್ನು ಬದಲಿಸುವುದು ಧರ್ಮವೋ, ಅಧರ್ಮವೋ? ಹಿರಿಯರು ಸಾಮಾನ್ಯವಾಗಿ ನೇಗಿಲಿಗೆ ಕೈಯಿಟ್ಟವನ ದೃಷ್ಟಾಂತವನ್ನು ತೋರಿಸಿ, ಹಿಂದಕ್ಕೆ ನೋಡುವುದೇ ಪಾಪವೆಂದು ಹೇಳುವರು. ಆದರೆ ಆ ಮಾತು ದೇವರ ರಾಜ್ಯದ ವಿಷಯವಾಗಿ ಹೇಳಿದ್ದೇ ಹೊರತು, ನಾವು ಮಕ್ಕಳಿಗೆ ಆರಿಸಿಕೊಟ್ಟ ಕಾಲೇಜಿನ ವಿಷಯವಾಗಿ ಹೇಳಿದ್ದಲ್ಲ. ಯೌವನಸ್ಥರು ಇದಕ್ಕೆ ಪ್ರತಿಯಾಗಿ, ಇರುವುದೊಂದೇ ಜನ್ಮ, ಮನಸ್ಸು ಒಪ್ಪದ ಕೆಲಸದಲ್ಲಿ ಅದನ್ನು ಸವೆಯಿಸುವುದೇ ಪಾಪವೆಂದು ಹೇಳುವರು. ಎರಡು ಮಾತಿನಲ್ಲಿಯೂ ಸ್ವಲ್ಪ ಸತ್ಯವುಂಟು, ಪೂರ್ಣ ಸತ್ಯವಿಲ್ಲ.

ಈ ಪ್ರಶ್ನೆ ಈಗ ಹೊಸದಾಗಿ ಹುಟ್ಟಿತೆಂದು ನೆನಸಬೇಡಿರಿ. ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲಿಯೇ, ಶಿರಾಳಕೊಪ್ಪಕ್ಕೆ ಸಮೀಪವಾದ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರಿಗೆ ಒಂದು ಕಲ್ಲಿನ ಕಂಬ ನಿಂತಿದೆ. ನಮ್ಮಲ್ಲಿ ಅನೇಕರು ಅದರ ಪಕ್ಕದಿಂದ ಸಂತೆಗೆ ಹೋಗಿ ಬಂದವರೇ ಆಗಿದ್ದಾರೆ. ಅದರ ಮೇಲೆ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಶಾಸನವುಂಟು. ಬೆಂಗಳೂರಿನಲ್ಲಿ 1837ರಲ್ಲಿ ಲಂಡನ್ ಮಿಶನ್ನಿನ ಬೋಧಕರ ಮಗನಾಗಿ ಹುಟ್ಟಿದ ಬಿ. ಎಲ್. ರೈಸರು ನಮ್ಮ ಜಿಲ್ಲೆಯ ಶಾಸನಗಳನ್ನು ಊರೂರು ತಿರುಗಿ ಸಂಗ್ರಹಿಸಿದರು. ಶಿಕಾರಿಪುರದ ಶಾಸನಗಳ ಸಂಪುಟವು 1902ರಲ್ಲಿಯೂ ಸೊರಬದ್ದು 1904ರಲ್ಲಿಯೂ ಅಚ್ಚಾದವು. ತಾಳಗುಂದದ ಆ ಕಂಬವು ಹೇಳುವ ಕಥೆ ನಡುದಾರಿಯಲ್ಲಿ ದಾರಿ ಬದಲಿಸಿದ ಒಬ್ಬ ವಿದ್ಯಾರ್ಥಿಯ ಕಥೆಯೇ.

ಅವನ ಹೆಸರು ಮಯೂರಶರ್ಮ. ವೇದಾಧ್ಯಯನವೇ ಅವನ ಕುಲದ ವೃತ್ತಿ. ಅವನು ತನ್ನ ಗುರುವಾದ ವೀರಶರ್ಮನ ಸಂಗಡ ಪಲ್ಲವರ ರಾಜಧಾನಿಯಾದ ಕಂಚಿಗೆ ಹೋಗಿ, ಅಲ್ಲಿಯ ಘಟಿಕೆಯನ್ನು ಸೇರಿದನು. ಘಟಿಕೆಯೆಂದರೆ ಆ ಕಾಲದ ದೊಡ್ಡ ವಿದ್ಯಾಶಾಲೆ. ಅಲ್ಲಿ ಪಲ್ಲವರ ಒಬ್ಬ ಕುದುರೆಯ ಸವಾರನೊಂದಿಗೆ ಅವನಿಗೆ ಜಗಳವಾಯಿತು. ಅವಮಾನದಿಂದ ಕುದಿದ ಮಯೂರಶರ್ಮನು ಓದನ್ನು ಬಿಟ್ಟನು. ದರ್ಭೆ ಸಮಿತ್ತುಗಳನ್ನು ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿಯನ್ನು ಹಿಡಿದನು. ಪಲ್ಲವರ ಗಡಿಕಾವಲಿನವರನ್ನು ಸೋಲಿಸಿ, ಶ್ರೀಪರ್ವತದ ವರೆಗಿನ ಕಾಡಿನಲ್ಲಿ ನೆಲೆಯೂರಿ, ಕಡೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಿಕೊಳ್ಳುವ ಹಾಗೆ ಮಾಡಿದನು. ಸುಮಾರು 345ರಲ್ಲಿ ಹೀಗೆ ಕದಂಬರ ರಾಜ್ಯ ಉಂಟಾಯಿತು. ಸೊರಬದ ಎಲ್ಲೆಗೆ ಹತ್ತಿಕೊಂಡಿರುವ ಬನವಾಸಿಯು ಅದರ ರಾಜಧಾನಿ. ಹೆಸರಿನ ಕೊನೆಯೂ ಬದಲಾಯಿತು. ಶರ್ಮನ ಸಂತತಿಯವರು ವರ್ಮರೆನಿಸಿಕೊಂಡರು.

ಈ ಕಥೆಯನ್ನು ಕೇಳಿದ ಕೂಡಲೆ ಯೌವನಸ್ಥನೊಬ್ಬನು, “ನೋಡಿರಿ, ಓದು ಬಿಟ್ಟದ್ದರಿಂದಲೇ ಅರಸನಾದನು” ಎಂದು ಹೇಳಿಯಾನು. ಆದರೆ ಸ್ವಲ್ಪ ತಾಳಿರಿ. ಆ ಕಂಬವನ್ನು ನಿಲ್ಲಿಸಿದವರು ಯಾರು? ಮಯೂರಶರ್ಮನಲ್ಲ. ಅವನಾಗಿ ಸುಮಾರು ನೂರು ವರ್ಷದ ಮೇಲೆ ಅವನ ಸಂತತಿಯವನಾದ ಶಾಂತಿವರ್ಮನ ಕಾಲದಲ್ಲಿ ಅದನ್ನು ಕೆತ್ತಿಸಿದರು. ಗೆದ್ದವನ ಮಕ್ಕಳು ಗೆದ್ದವನ ಕಥೆಯನ್ನು ಬರೆಯಿಸಿದರು. ಅದೇ ಕಾಲದಲ್ಲಿ ಓದನ್ನು ಬಿಟ್ಟು ಕತ್ತಿ ಹಿಡಿದು ಕಾಡಿನಲ್ಲಿಯೇ ಸತ್ತವರು ಇದ್ದಿದ್ದರೆ, ಅವರಿಗೆ ಕಂಬವನ್ನು ನಿಲ್ಲಿಸುವವರು ಯಾರು? ಸೋತವನಿಗೆ ಶಾಸನವಿಲ್ಲ. ಆದಕಾರಣ ಗೆಲವನ್ನು ನೋಡಿ, ತಿರುಗಿದ್ದು ಸರಿಯೆನ್ನುವುದೂ, ಸೋಲನ್ನು ನೋಡಿ, ತಿರುಗಿದ್ದು ತಪ್ಪೆನ್ನುವುದೂ ನ್ಯಾಯವಲ್ಲ. ತಿರುಗುವ ದಿನದಲ್ಲಿ ಗೆಲವು ಸೋಲು ಯಾರಿಗೂ ಕಾಣುವುದಿಲ್ಲ. ಆ ದಿನದ ಮನಸ್ಸನ್ನೂ ನಡತೆಯನ್ನೂ ನೋಡಿಯೇ ತೀರ್ಪು ಹೇಳತಕ್ಕದ್ದು.

ಇನ್ನೊಂದು ಸಂಗತಿ ನನ್ನ ಮನಸ್ಸನ್ನು ಕೊರೆಯುತ್ತದೆ. ಶಿಷ್ಯನನ್ನು ಅಷ್ಟು ದೂರ ಕರಕೊಂಡು ಹೋದ ವೀರಶರ್ಮನ ಮನಸ್ಸಿಗೆ ಏನಾಯಿತೆಂದು ಆ ಶಾಸನ ಹೇಳುವುದಿಲ್ಲ. ಶಿಷ್ಯನು ಗುರುವಿಗೆ ಹೇಳಿ ಹೊರಟನೋ, ಹೇಳದೆ ಹೊರಟನೋ, ತಿಳಿಯದು. ತಿರುಗಿದವರ ಕಥೆಗಳಲ್ಲಿ ಹೊತ್ತುಕೊಂಡು ಬಂದವರ ಕಥೆ ಯಾವಾಗಲೂ ಬಿಟ್ಟುಹೋಗುತ್ತದೆ. ನನ್ನ ಮನೆಗೆ ಬಂದ ಆ ರೈತನು ಜಗಲಿಯಲ್ಲಿ ಕೂತಿದ್ದಾಗ ನನಗೆ ವೀರಶರ್ಮನ ನೆನಪೇ ಆಯಿತು.

ಹಾಗಾದರೆ ತಿರುಗುವವನು ತನ್ನನ್ನು ಹೇಗೆ ಪರೀಕ್ಷಿಸಿಕೊಳ್ಳಬೇಕು? ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನನಗೆ ತೋರುತ್ತದೆ.

ಮೊದಲನೆಯದು: ನಾನು ಒಂದರ ಕಡೆಗೆ ಹೋಗುತ್ತಿದ್ದೇನೋ, ಒಂದರಿಂದ ಓಡುತ್ತಿದ್ದೇನೋ? ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂಬ ಗಾದೆಯುಂಟಲ್ಲಾ. ಪರೀಕ್ಷೆಯೆಂಬ ದೊಣ್ಣೆಯನ್ನು ತಪ್ಪಿಸಿಕೊಳ್ಳುವುದಕ್ಕೆ ಅನೇಕರು ಮನಸ್ಸಿನ ತೃಪ್ತಿಯ ಹೆಸರನ್ನು ಹೇಳುವರು. ಇದನ್ನು ಪರರ ಮೇಲೆ ಹೊರಿಸಿ ಹೇಳುವುದಿಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ನಾನು ಬಿ. ಎಸ್ಸಿ. ಎರಡನೆಯ ವರ್ಷದಲ್ಲಿ ಓದನ್ನು ಬಿಟ್ಟು, ಸೆಮಿನರಿಯನ್ನು ಸೇರುತ್ತೇನೆಂದು ಹೊರಟೆನು. ಎಲ್ಲರಿಗೂ, ನನಗೆ ಕರೆ ಬಂದಿದೆ ಎಂದು ಹೇಳಿದೆನು. ಅದು ಸುಳ್ಳಲ್ಲ. ಆದರೆ ಆ ವರ್ಷ ನಾನು ಗಣಿತದಲ್ಲಿ ತೇರ್ಗಡೆಯಾಗಿರಲಿಲ್ಲ ಎಂಬುದನ್ನು ಯಾರಿಗೂ ಹೇಳಲಿಲ್ಲ. ಎರಡು ಕಾರಣಗಳಿದ್ದಲ್ಲಿ ಚಂದವಾದದ್ದನ್ನು ಮಾತ್ರ ಹೇಳಿ, ಚಂದವಿಲ್ಲದ್ದನ್ನು ದೇವರ ಹೆಸರಿನಿಂದ ಮುಚ್ಚಿದೆನು. ಕರೆಯೆಂಬ ಮಾತು ನಮ್ಮ ಸಭೆಗಳಲ್ಲಿ ಬಹಳ ಸುಲಭವಾಗಿ ನಾಲಿಗೆಗೆ ಬರುತ್ತದೆ. ತನ್ನ ಇಚ್ಛೆಗೆ ಆ ಹೆಸರನ್ನು ಇಡುವುದಕ್ಕೆ ಮುಂಚೆ ಬಹಳವಾಗಿ ಭಯಪಡಬೇಕು.

ಎರಡನೆಯದು: ಹೊಸ ಕೆಲಸದ ಬೇಸರವನ್ನೂ ನಾನು ಹೊರುವೆನೋ? ದೂರದ ಬೆಟ್ಟ ನುಣ್ಣಗೆ. ಹತ್ತಿದವನಿಗೇ ಅದರ ಕಲ್ಲುಮುಳ್ಳು ಗೊತ್ತು. ಸೊರಬದಲ್ಲಿಯೂ ಸಾಗರದಲ್ಲಿಯೂ ಗಂಧದ ಮರದಲ್ಲಿ ಕೆತ್ತನೆ ಮಾಡುವ ಗುಡಿಗಾರರನ್ನು ನೀವು ಬಲ್ಲಿರಿ. ಒಂದು ಅಂಗೈಯಗಲದ ಹಲಗೆಯಲ್ಲಿ ಬಳ್ಳಿ, ಎಲೆ, ಹಕ್ಕಿಗಳನ್ನು ತುಂಬುವ ಆ ಕೈಗಳನ್ನು ನೋಡಿದವರು, ಎಂಥಾ ಸಂತೋಷದ ಕೆಲಸವೆಂದು ಹೇಳುವರು. ಆದರೆ ಉಳಿಯ ಒಂದು ತಪ್ಪು ಏಟಿಗೆ ಬೆಲೆಯುಳ್ಳ ಮರ ಹಾಳಾಗುತ್ತದೆ. ಬಗ್ಗಿದ ಬೆನ್ನು ಸಂಜೆಗೆ ನೋಯುತ್ತದೆ. ಎಳೆಯ ಕೈಗೆ ಮೊದಲನೆಯ ದಿನದಲ್ಲಿಯೇ ಆನಂದ ಬರುವುದಿಲ್ಲ. ಕೈ ಪಳಗಿದ ಮೇಲೆ ಆನಂದವು ತಾನಾಗಿ ಬಂದು ಪಕ್ಕದಲ್ಲಿ ಕೂತುಕೊಳ್ಳುತ್ತದೆ. ತೃಪ್ತಿಯನ್ನೇ ಹುಡುಕಿಕೊಂಡು ಹೋಗುವವನಿಗೆ ಅದು ಸಿಕ್ಕುವುದು ಅಪರೂಪ; ಕೆಲಸವನ್ನು ಹುಡುಕಿಕೊಂಡು ಹೋದವನ ಬೆನ್ನ ಹಿಂದೆ ಅದು ಬರುತ್ತದೆ. ಆದದರಿಂದ, ಯಾವ ಕೆಲಸದಲ್ಲಿ ಸುಖವುಂಟೆಂದು ಕೇಳುವುದಕ್ಕಿಂತ, ಯಾವ ಕೆಲಸದ ಕಷ್ಟವನ್ನು ಗೊಣಗದೆ ಹೊರುವೆನೆಂದು ಕೇಳಿಕೊಳ್ಳುವುದು ಒಳ್ಳೇದು.

ಇದಕ್ಕೆ ನಮ್ಮ ಜಿಲ್ಲೆಯಿಂದಲೇ ಒಂದು ಉದಾಹರಣೆ. ತೀರ್ಥಹಳ್ಳಿಯ ಸೀಮೆಯ ಕುಪ್ಪಳಿಯಲ್ಲಿ ಬೆಳೆದ ಕೆ. ವಿ. ಪುಟ್ಟಪ್ಪನವರು, ಅಂದರೆ ಕುವೆಂಪುರವರು, ಮೈಸೂರಿನ ವೆಸ್ಲಿಯನ್ ಮಿಶನ್ ಹೈಸ್ಕೂಲಿನಲ್ಲಿ ಓದಿದವರು. ಆಗ ಅವರು ಇಂಗ್ಲಿಷ್ ಕವಿಯಾಗಬೇಕೆಂದು ಆಶಿಸಿ, 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಸ್ತಕವನ್ನೂ ಪ್ರಕಟಿಸಿದ್ದರು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರು ಆ ಕವನಗಳನ್ನು ನೋಡಿ, ನಿಮ್ಮ ಸ್ವಂತ ಭಾಷೆಯಲ್ಲಿ ಬರೆಯಿರಿ ಎಂಬ ಬುದ್ಧಿಯನ್ನು ಹೇಳಿದರು. ಕೇಳುವುದಕ್ಕೆ ಹಿತವಾದ ಮಾತಲ್ಲ. ಆದರೂ ಅವರು ಕನ್ನಡದ ಕಡೆಗೆ ತಿರುಗಿದರು. ತಿರುಗಿದ ಬಗೆಯನ್ನು ನೋಡಿರಿ. ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಓದುತ್ತಿದ್ದವರು ಅದನ್ನು ನಡುವೆ ಬಿಡಲಿಲ್ಲ. 1927ರಲ್ಲಿ ಬಿ. ಎ. ಪದವಿಯನ್ನು ಮುಗಿಸಿ, ಆಮೇಲೆಯೇ ಕನ್ನಡದ ಎಂ. ಎ.ಗೆ ಹೋಗಿ, ಅದನ್ನು 1929ರಲ್ಲಿ ಮುಗಿಸಿ, ಅದೇ ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕರಾದರು. ಮುಂದೆ ‘ಶ್ರೀ ರಾಮಾಯಣ ದರ್ಶನಂ’ ಎಂಬ ಮಹಾಕಾವ್ಯಕ್ಕೆ 1967ರ ಜ್ಞಾನಪೀಠ ಪ್ರಶಸ್ತಿಯು ಬಂತು. ಗೆಲವನ್ನು ನೋಡಿ ತೀರ್ಪು ಹೇಳಬಾರದೆಂದು ಮೇಲೆ ಹೇಳಿದ ನಾನು ಆ ಪ್ರಶಸ್ತಿಯನ್ನು ಸಾಕ್ಷಿಯಾಗಿ ತರುವುದಿಲ್ಲ. ನಾನು ತೋರಿಸುವುದು ಇಷ್ಟೇ: ಬಿದಿರನ್ನು ಗಿಣ್ಣಿನಲ್ಲಿ ಕಡಿದರೆ ಸೀಳುವುದಿಲ್ಲ. ತಿರುಗುವುದಕ್ಕೂ ಒಂದು ಗಿಣ್ಣು ಉಂಟು. ಹಿಡಿದ ಕೆಲಸದ ಒಂದು ಭಾಗವನ್ನಾದರೂ ಮುಗಿಸಿ ತಿರುಗುವವನು, ತನ್ನ ತಿರುಗುವಿಕೆ ಚಂಚಲತೆಯಲ್ಲವೆಂದು ತನಗೇ ತೋರಿಸಿಕೊಳ್ಳುತ್ತಾನೆ.

ಮೂರನೆಯದು: ಬೆಲೆಯನ್ನು ತೆರುವವರು ಯಾರು, ಅವರಿಗೆ ಹೇಳಿದೆನೋ? ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಲೆಕ್ಕ ಮಾಡುವ ಸಾಮ್ಯವನ್ನು ನಾವೆಲ್ಲರೂ ಕೇಳಿದ್ದೇವೆ. ಆ ಹುಡುಗಿಯೂ ತಂದೆಯೂ ಲೆಕ್ಕ ಮಾಡಿರಲಿಲ್ಲ. ಅವಳು ರಜೆಗೆ ಬಂದಾಗ ನಾವು ಮೂವರೂ ಕೂತು ಒಂದು ಕಾಗದದಲ್ಲಿ ಬರೆದೆವು. ಇಂಜಿನಿಯರಿಂಗ್ ಎಂಟು ಸೆಮಿಸ್ಟರ್. ಮೂರನೆಯದು ಮುಗಿದರೆ ಉಳಿಯುವುದು ಎರಡೂವರೆ ವರ್ಷ. ಅದನ್ನು ಬಿಟ್ಟರೆ ಬಿ. ಎ. ಮೂರು ವರ್ಷ, ಅದರ ಮೇಲೆ ಬಿ. ಇಡಿ. ಎರಡು ವರ್ಷ, ಒಟ್ಟು ಐದು. ಬಿ. ಇಡಿ. ಮೊದಲು ಒಂದೇ ವರ್ಷದ್ದಾಗಿತ್ತು, 2015ರಿಂದ ಎರಡು ವರ್ಷದ್ದಾಗಿದೆ. ಆಮೇಲೆ ಅರ್ಹತಾ ಪರೀಕ್ಷೆಯೂ ನೇಮಕದ ಕಾಯುವಿಕೆಯೂ ಉಂಟು. ಮತ್ತೊಂದು ದಾರಿಯೂ ಉಂಟು. ಗಣಿತ ವಿಜ್ಞಾನಗಳಲ್ಲಿ ವಿಶೇಷವಾಗಿ ಓದಿ, ನೂರಕ್ಕೆ 55 ಅಂಕ ಪಡೆದ ಇಂಜಿನಿಯರಿಂಗ್ ಪದವೀಧರರಿಗೂ ಬಿ. ಇಡಿ. ಓದುವುದಕ್ಕೆ ನಿಯಮದಲ್ಲಿ ಅವಕಾಶವಿದೆ. ಹಾಗೆ ಹೋದರೆ ನಾಲ್ಕೂವರೆ ವರ್ಷ. ಇನ್ನೂ ಒಂದು ಮಾತನ್ನು ಬರೆದೆವು: ಪಿ. ಯು.ದಲ್ಲಿ ವಿಜ್ಞಾನ ಓದಿದವರು ಕಲೆಯ ಪದವಿಗೆ ಹೋಗಬಹುದು, ಕಲೆ ಓದಿದವರು ಇಂಜಿನಿಯರಿಂಗಿಗೆ ಬರಲಾರರು. ಬಿಟ್ಟ ಸೀಟು ಕೇಳಿದಾಗ ತಿರುಗಿ ಸಿಕ್ಕುವುದಿಲ್ಲ. ಕೆಲವು ಬಾಗಿಲುಗಳು ಒಂದೇ ಕಡೆಗೆ ತೆರೆಯುತ್ತವೆ.

ಲೆಕ್ಕವನ್ನು ನೋಡಿ ತಂದೆಯು, “ಹಾಗಾದರೆ ಮುಗಿಸಿಕೊಂಡೇ ಮೇಷ್ಟ್ರಾಗಬಹುದಲ್ಲಾ!” ಎಂದು ಸಂತೋಷಪಟ್ಟನು. ಮಗಳು ಬಹಳ ಹೊತ್ತು ಸುಮ್ಮನಿದ್ದು, “ಆ ದಾರಿಯಲ್ಲಿ ಗಣಿತವನ್ನು ಕಲಿಸಬಹುದು, ಅಪ್ಪಾ. ನಾನು ಕಲಿಸಬೇಕೆಂದಿರುವುದು ಕನ್ನಡವನ್ನು” ಅಂದಳು. ಲೆಕ್ಕವು ದಾರಿಯನ್ನು ತೋರಿಸಿತು. ಯಾವುದರಲ್ಲಿ ನಡೆಯಬೇಕೆಂದು ಹೇಳಲಿಲ್ಲ. ಲೆಕ್ಕದ ಕೆಲಸ ಅಷ್ಟೇ. ಆದರೂ ಅದಿಲ್ಲದೆ ಮಾತನಾಡಿದ್ದರೆ ಒಬ್ಬರು ಅಳುವುದೂ ಒಬ್ಬರು ಗದರಿಸುವುದೂ ಆಗುತ್ತಿತ್ತೇ ಹೊರತು ಬೇರೇನೂ ಆಗುತ್ತಿರಲಿಲ್ಲ.

ಈಗ ತಂದೆತಾಯಿಗಳಿಗೆ ಎರಡು ಮಾತು. ನಾವು ಬಡವರು. ನಮ್ಮ ಅಜ್ಜಂದಿರಲ್ಲಿ ಅನೇಕರಿಗೆ ಶಾಲೆಯ ಬಾಗಿಲು ಮುಚ್ಚಿತ್ತು. ಅಂಥಾ ಮನೆಯಿಂದ ಒಂದು ಮಗು ಕಾಲೇಜಿಗೆ ಹೋದಾಗ ಅದರ ಹೆಗಲ ಮೇಲೆ ಇಡೀ ಮನೆಯ ಆಶೆ ಕೂತುಕೊಳ್ಳುತ್ತದೆ. ಇದು ಸಹಜ. ಆದರೆ ಫೀಜು ಕಟ್ಟಿದ್ದರಿಂದ ಮಗುವಿನ ಮನಸ್ಸನ್ನು ಕ್ರಯಕ್ಕೆ ತೆಗೆದುಕೊಂಡೆವೆಂದು ತಿಳಿಯಬಾರದು. ಸಾಲವು ನಮ್ಮದು, ಮಗುವು ಸಾಲದ ಪತ್ರವಲ್ಲ. ಎಲ್ಲರ ಬುದ್ಧಿಯೂ ಒಂದೇ ಅಚ್ಚಿನಲ್ಲಿ ಎರಕವಾದದ್ದಲ್ಲ. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನವನ್ನು ತಿಳಿದವರು ಹೇಳುವುದೇನಂದರೆ, ಆ ಮಠದಲ್ಲಿ ಹಲವು ವ್ಯಾಕರಣಗಳನ್ನೂ ನ್ಯಾಯ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳನ್ನೂ ಕಾವ್ಯ ನಾಟಕಗಳನ್ನೂ ಕಲಿಸುತ್ತಿದ್ದರು. ಅಲ್ಲಿಯೇ ದರಿದ್ರರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದರು. ನಮ್ಮ ತಾಲ್ಲೂಕಿನ ಒಂದೇ ಅಂಗಳದಲ್ಲಿ ಎಂಟುನೂರು ವರ್ಷಕ್ಕಿಂತ ಹಿಂದೆಯೇ ಅಷ್ಟು ವಿದ್ಯೆಗಳಿಗೆ ಸ್ಥಳವಿತ್ತು. ಇಂದು ನಮ್ಮ ಮನಸ್ಸಿನಲ್ಲಿ ಇಂಜಿನಿಯರು, ಡಾಕ್ಟರು ಎಂಬ ಎರಡಕ್ಕೆ ಮಾತ್ರ ಸ್ಥಳವಿರುವುದು ನಾಚಿಕೆಯ ಸಂಗತಿಯಲ್ಲವೋ?

ಮತ್ತು ಬಡತನವನ್ನು ಮಕ್ಕಳಿಂದ ಮರೆಮಾಡಬೇಡಿರಿ. ಪ್ರೀತಿಯಿಂದಲೇ ಮರೆಮಾಡುತ್ತೇವೆ, ನಿಜ. ಆದರೆ ಮನೆಯ ಸ್ಥಿತಿ ತಿಳಿಯದ ಮಗು ಹೇಗೆ ನ್ಯಾಯವಾಗಿ ತೀರ್ಮಾನಿಸೀತು? ಒಡವೆ ಅಡವಿನಲ್ಲಿದೆ ಎಂಬುದನ್ನು ಮುಚ್ಚಿಟ್ಟು, ಆಮೇಲೆ, ಇವಳಿಗೆ ನಮ್ಮ ಕಷ್ಟ ತಿಳಿಯದೆಂದು ದೂರುವುದು ಸರಿಯಲ್ಲ.

ಯೌವನಸ್ಥರಿಗೂ ಒಂದು ಮಾತು. ನಾನು ಕಾಲೇಜು ಬಿಟ್ಟ ಸಂಗತಿಯನ್ನು ನನ್ನ ತಂದೆಗೆ ಎಲ್ಲರಿಗಿಂತ ಕಡೆಗೆ ತಿಳಿಸಿದೆನು. ಅದೂ ಸೋದರಮಾವನ ಬಾಯಿಂದ. ತಂದೆ ಬೈಯಲಿಲ್ಲ. ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದವರು ಕೊಡಲಿಯನ್ನು ಕೆಳಗಿಟ್ಟು, “ನನಗೆ ಮೊದಲೇ ಯಾಕೆ ಹೇಳಲಿಲ್ಲ?” ಎಂದು ಮಾತ್ರ ಕೇಳಿದರು. ಅವರು ಈಗ ಇಲ್ಲ. ನಾನು ಹಿಡಿದ ದಾರಿಯ ವಿಷಯದಲ್ಲಿ ನನಗೆ ಪಶ್ಚಾತ್ತಾಪವಿಲ್ಲ. ಹಿಡಿದ ರೀತಿಯ ವಿಷಯದಲ್ಲಿ ಉಂಟು. ದಾರಿ ಸರಿಯಾಗಿದ್ದರೆ ರೀತಿಯ ತಪ್ಪು ತಾನೇ ಅಳಿಸಿಹೋಗುವುದೆಂದು ಆಗ ನೆನಸಿದ್ದೆನು. ಅದು ಅಳಿಸಿಹೋಗುವುದಿಲ್ಲ. ನಿನ್ನನ್ನು ಹೊತ್ತವರ ಒಪ್ಪಿಗೆ ನಿನಗೆ ಸಿಕ್ಕದೆ ಹೋಗಬಹುದು. ಆದರೆ ನಿನ್ನ ಬಾಯಿಂದಲೇ, ಪೂರಾ ಸತ್ಯವನ್ನು, ಎಲ್ಲರಿಗಿಂತ ಮೊದಲು ಕೇಳುವ ಹಕ್ಕು ಅವರಿಗುಂಟು. ಅದನ್ನು ಸಲ್ಲಿಸದೆ ಪಡೆದ ತೃಪ್ತಿಯಲ್ಲಿ ಒಂದು ಮುಳ್ಳು ಉಳಿದೇ ಉಳಿಯುತ್ತದೆ.

ಹೀಗಿರಲಾಗಿ ನನ್ನ ಅಭಿಪ್ರಾಯವು ಇಷ್ಟೇ. ದಾರಿ ಬದಲಿಸುವುದು ತನ್ನಲ್ಲಿ ತಾನೇ ಪಾಪವೂ ಅಲ್ಲ, ಪುಣ್ಯವೂ ಅಲ್ಲ. ಹೊಸ ದಾರಿಯ ಕಷ್ಟವನ್ನು ಹೊರಲು ಸಿದ್ಧನಾಗಿ, ಹಳೆಯ ದಾರಿಯ ಸಾಲವನ್ನು ಒಪ್ಪಿಕೊಂಡು, ಹೊತ್ತವರಿಗೆ ಸತ್ಯವನ್ನು ಹೇಳಿ ತಿರುಗುವವನು ನ್ಯಾಯವಾಗಿ ತಿರುಗುತ್ತಾನೆ, ಮುಂದೆ ಗೆದ್ದರೂ ಸರಿ, ಸೋತರೂ ಸರಿ. ಇವುಗಳಲ್ಲಿ ಒಂದನ್ನು ತಪ್ಪಿಸಿಕೊಂಡವನು, ಅವನಿಗೆ ಕಲ್ಲಿನ ಕಂಬವನ್ನೇ ನಿಲ್ಲಿಸಿದರೂ, ಒಂದು ಲೆಕ್ಕವನ್ನು ಬಾಕಿ ಇಟ್ಟುಕೊಂಡಿರುತ್ತಾನೆ.

ಆ ಮನೆಯಲ್ಲಿ ಕೊನೆಗೆ ಏನಾಯಿತೆಂದು ನೀವು ಕೇಳುವಿರಿ. ಈ ಸೆಮಿಸ್ಟರಿನ ಪರೀಕ್ಷೆಗಳನ್ನು ಬರೆದು ಮುಗಿಸಿ, ಆಮೇಲೆ ತೀರ್ಮಾನ ಮಾಡುವುದೆಂದು ತಂದೆಮಕ್ಕಳು ಒಪ್ಪಿಕೊಂಡರು. ತೀರ್ಮಾನ ಯಾವುದೆಂದು ನಾನು ವಿಚಾರಿಸಿಲ್ಲ, ಅದು ಅವರದು. ಆದರೆ ಆ ದಿನ ಏಳುವುದಕ್ಕೆ ಮುಂಚೆ ತಂದೆಯು ಜೇಬಿನಿಂದ ಒಡವೆಯ ಅಡವಿನ ಚೀಟಿಯನ್ನು ತೆಗೆದು ಮಗಳ ಮುಂದೆ ಇಟ್ಟನು. ಅವಳು ಅದನ್ನು ಮೊದಲನೆಯ ಸಾರಿ ಓದಿದಳು. ಅವನು ಅವಳ ಕಾಗದವನ್ನು ಮತ್ತೆ ಬಿಚ್ಚಿ, ಈ ಸಾರಿ ಸಾವಕಾಶವಾಗಿ ಓದಿದನು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಇಬ್ಬರೂ ಒಂದೇ ಕೊಡೆಯಲ್ಲಿ ಮನೆಗೆ ಹೊರಟರು.